‘ನೀರು ಬಂತು’: ಬರಹವನ್ನು ವಿಂಗಡಿಸುವ ಯಂತ್ರವೂ ಅದಕ್ಕೆ ಪಾಠ ಹೇಳುವವರೂ

ಅಂಚೆಯ ಕಚೇರಿಯ ಹಿಂಗೋಣೆಯಲ್ಲಿ, ಪಾರಿವಾಳದ ಗೂಡುಗಳಂತೆ ಸಾಲುಸಾಲಾಗಿ ಕೊರೆದ ಮರದ ಚೌಕಟ್ಟಿನ ಮುಂದೆ ಕುಳಿತು ಕಾಗದಗಳನ್ನು ವಿಂಗಡಿಸುವ ನೌಕರನನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ವಿಳಾಸದ ಮೇಲೆ ಕಣ್ಣು ಹಾಯ್ದೊಡನೆ ಅವನ ಕೈ ತಾನಾಗಿ ತಕ್ಕ ಗೂಡಿನ ಕಡೆಗೆ ಹೋಗುತ್ತದೆ. ಕಾಗದದ ಒಳಗೆ ಏನಿದೆಯೆಂಬುದು ಅವನಿಗೆ ಬೇಡ. ಆದರೆ ವಿಳಾಸವೇ ಇಲ್ಲದ ಕಾಗದಗಳು ದಿನಕ್ಕೆ ಸಾವಿರಗಟ್ಟಲೆ ಬರತೊಡಗಿದರೆ? ಪ್ರತಿಯೊಂದನ್ನೂ ಒಡೆದು, ಓದಿ, ಬರೆದವನ ಇಂಗಿತವೇನು, ಇದು ಯಾರ ಮೇಜಿಗೆ ಹೋಗತಕ್ಕದ್ದು ಎಂದು ನಿರ್ಣಯಿಸಬೇಕಾಗುತ್ತದೆ. ಒಂದು ದೊಡ್ಡ ನಗರದ ಜನ ತಮ್ಮ ಬೀದಿಯ ದೀಪ, ಚರಂಡಿ, ನೀರು, ಕಸ ಇವುಗಳ ವಿಷಯವಾಗಿ ಬರೆಯುವ ದೂರುಗಳು ಇಂಥ ವಿಳಾಸವಿಲ್ಲದ ಕಾಗದಗಳೇ ಸರಿ. ಬರೆಯುವವನಿಗೆ ಕಷ್ಟ ಗೊತ್ತು, ಇಲಾಖೆ ಗೊತ್ತಿಲ್ಲ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಕಾಲ ಬಂದಿದೆ. ೨೦೨೧ರ ಆಗಸ್ಟಿನಲ್ಲಿ ಭಾರತ ಸರ್ಕಾರದ ಆಡಳಿತ ಸುಧಾರಣೆ ಮತ್ತು ಸಾರ್ವಜನಿಕ ಅಹವಾಲು ಇಲಾಖೆಯೂ ರಕ್ಷಣಾ ಸಚಿವಾಲಯವೂ ಕಾನ್ಪುರದ ಐ.ಐ.ಟಿ.ಯೊಡನೆ ಒಪ್ಪಂದ ಮಾಡಿಕೊಂಡು, ಸಾರ್ವಜನಿಕರ ಅಹವಾಲುಗಳನ್ನು ಕೃತಕ ಬುದ್ಧಿಯ ನೆರವಿನಿಂದ ಪರಿಶೀಲಿಸುವ ವ್ಯವಸ್ಥೆಗೆ ಕೈಹಾಕಿದವು. ಕೇಂದ್ರದಲ್ಲಿ ಬಂದುದು ನಗರಗಳಿಗೆ ಬರದೆ ಇರಲಾರದು. ಆದುದರಿಂದ ಬರಹವನ್ನು ವಿಂಗಡಿಸುವ ಯಂತ್ರವೆಂದರೆ ಏನು, ಅದು ಕನ್ನಡದಲ್ಲಿ ಬರೆದವನ ಕಾಗದವನ್ನು ಏನು ಮಾಡೀತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಉದಾಹರಣೆಗೆ ಬೆಂಗಳೂರಿನ ಮೂಡಣಂಚಿನ ಮಹದೇವಪುರವನ್ನು ತೆಗೆದುಕೊಳ್ಳೋಣ. ಹೂಡಿ, ಕಾಡುಗೋಡಿ, ವರ್ತೂರು, ಬೆಳ್ಳಂದೂರು ಮೊದಲಾದ ಕೆರೆಯ ಊರುಗಳ ನಡುವೆ ಗಾಜಿನ ಕಟ್ಟಡಗಳೆದ್ದು, ಜಗತ್ತಿನ ನಾನಾ ದೇಶಗಳಿಗೆ ತಂತ್ರಾಂಶ ರಚಿಸಿಕೊಡುವ ತರುಣ ತರುಣಿಯರು ಸಾವಿರಗಟ್ಟಲೆ ನೆಲೆಸಿರುವ ಪ್ರದೇಶವಿದು. ೨೦೨೨ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಇಲ್ಲಿಯ ಬಡಾವಣೆಗಳು ಕೆರೆಗಳಾದುವು. ಕಚೇರಿಗೆ ಹೊರಟವರು ಟ್ರ್ಯಾಕ್ಟರು ಏರಿ ಹೋದರು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, ೨೦೨೪ರ ಮಾರ್ಚಿಯಲ್ಲಿ, ಇದೇ ಪ್ರದೇಶ ಕುಡಿಯುವ ನೀರಿಗಾಗಿ ಟ್ಯಾಂಕರುಗಳ ಹಾದಿ ಕಾಯಿತು. ನಗರದ ೧೩,೯೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ ಬತ್ತಿವೆಯೆಂದು ಉಪಮುಖ್ಯಮಂತ್ರಿಗಳಾದ ಡಿ.ಕೆ. ಶಿವಕುಮಾರ್ ಆಗ ತಿಳಿಸಿದ್ದರು. ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳಿಗಾಗಿ ಯೋಜಿಸಿದ ಕಾವೇರಿ ಐದನೆಯ ಹಂತದ ನೀರು ಅದೇ ವರ್ಷದ ಅಕ್ಟೋಬರಿನಲ್ಲಷ್ಟೇ ಹರಿಯತೊಡಗಿತು.

ಈಗ ಎರಡು ವಾಕ್ಯಗಳನ್ನು ಪರಿಶೀಲಿಸಿರಿ: ‘ಚರಂಡಿಯ ನೀರು ಮನೆಗೆ ಬರುತ್ತಿದೆ, ಕಾವೇರಿ ನೀರು ಬರುತ್ತಿಲ್ಲ.’ ‘ಕಾವೇರಿ ನೀರು ಮನೆಗೆ ಬರುತ್ತಿದೆ, ಚರಂಡಿಯ ನೀರು ಬರುತ್ತಿಲ್ಲ.’ ಎರಡರಲ್ಲಿಯೂ ಇರುವ ಪದಗಳು ಅವೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೊದಲನೆಯದು ಎರಡು ಇಲಾಖೆಗಳಿಗೆ ಹೋಗಬೇಕಾದ ಸಂಕಟದ ದೂರು. ಎರಡನೆಯದು ಸಂತೃಪ್ತಿಯ ಮಾತು.

ಪದಗಳನ್ನು ಎಣಿಸಿ ವಿಷಯವನ್ನು ಊಹಿಸುವ ಉಪಾಯ ಹೊಸದಲ್ಲ. ೧೯೬೧ರಲ್ಲಿಯೇ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಮ್ಯಾರನ್ ಎಂಬವರು ಗಣಕಯಂತ್ರಗಳನ್ನು ಕುರಿತ ೪೦೫ ಪ್ರಬಂಧಸಾರಗಳನ್ನು ೩೨ ವರ್ಗಗಳಲ್ಲಿ ಹಂಚುವ ಪ್ರಯೋಗ ನಡೆಸಿದರು. ೨೬೦ ಸಾರಗಳನ್ನು ಮನುಷ್ಯರು ವಿಂಗಡಿಸಿಕೊಟ್ಟರು; ಯಾವ ಪದ ಯಾವ ವರ್ಗದಲ್ಲಿ ಎಷ್ಟು ಸಲ ಬಂದಿದೆ ಎಂಬ ಲೆಕ್ಕದಿಂದ, ಉಳಿದವು ಯಾವ ವರ್ಗಕ್ಕೆ ಸೇರುವ ಸಂಭವ ಎಷ್ಟೆಂದು ಯಂತ್ರ ಗುಣಿಸಿ ಹೇಳಿತು. ಸರಳವಾದ ಈ ಉಪಾಯ ಇಂದಿಗೂ ಹಲವು ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮೇಲಿನ ಎರಡು ವಾಕ್ಯಗಳು ಅದರ ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮತೂಕವಾಗಿ ನಿಲ್ಲುತ್ತವೆ.

ಇಲ್ಲಿಯೇ ಕೃತಕ ನರಜಾಲಗಳ ಹೆಚ್ಚುಗಾರಿಕೆ ಕಂಡುಬರುವುದು. ನರಜಾಲವೆಂಬ ಹೆಸರಿಗೆ ಬೆದರಬೇಕಾಗಿಲ್ಲ. ಮೆದುಳಿನ ನರಕೋಶಗಳ ಹೋಲಿಕೆಯಿಂದ ಆ ಹೆಸರು ಬಂದಿತೇ ಹೊರತು, ಒಳಗೆ ನಡೆಯುವುದು ಗುಣಾಕಾರ ಮತ್ತು ಸಂಕಲನ. ಮೊದಲು ವಾಕ್ಯವನ್ನು ಪದಗಳಾಗಿ, ಪದಗಳನ್ನು ಇನ್ನೂ ಚಿಕ್ಕ ತುಣುಕುಗಳಾಗಿ ಕತ್ತರಿಸುತ್ತಾರೆ. ಪ್ರತಿಯೊಂದು ತುಣುಕಿಗೂ ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತಾರೆ. ಈ ಸಂಖ್ಯೆಗಳು ಒಂದು ಪದರದಿಂದ ಇನ್ನೊಂದು ಪದರಕ್ಕೆ ಸಾಗುವಾಗ ಅವುಗಳನ್ನು ‘ತೂಕ’ಗಳೆಂಬ ಬೇರೆ ಸಂಖ್ಯೆಗಳಿಂದ ಗುಣಿಸಿ ಕೂಡಿಸಲಾಗುತ್ತದೆ. ಹೀಗೆ ಹಲವು ಪದರಗಳನ್ನು ದಾಟಿ ಕಡೆಯಲ್ಲಿ ‘ಚರಂಡಿ ೦.೮, ಕುಡಿಯುವ ನೀರು ೦.೧, ಬೀದಿದೀಪ ೦.೦೧’ ಎಂಬಂಥ ಉತ್ತರ ಹೊರಬೀಳುತ್ತದೆ. ಪದರಗಳು ಹೆಚ್ಚಾಗಿರುವುದರಿಂದಲೇ ಇದಕ್ಕೆ ಡೀಪ್ ಲರ್ನಿಂಗ್, ಎಂದರೆ ಆಳವಾದ ಕಲಿಕೆ, ಎಂಬ ಹೆಸರು.

ತೂಕಗಳನ್ನು ಯಾರೂ ಕುಳಿತು ಬರೆಯುವುದಿಲ್ಲ. ತಂಬೂರಿಯ ಬಿರಡೆಗಳಂತೆ ಅವನ್ನು ತಿರುಗಿಸಿ ಶ್ರುತಿಗೂಡಿಸಬೇಕು. ಸರಿಯುತ್ತರ ಬರೆದ ಚೀಟಿಯನ್ನು ಹಚ್ಚಿರುವ ಒಂದು ವಾಕ್ಯವನ್ನು ಯಂತ್ರಕ್ಕೆ ಕೊಡುತ್ತಾರೆ. ಅದು ಹೇಳಿದ ಉತ್ತರಕ್ಕೂ ಚೀಟಿಯಲ್ಲಿರುವ ಉತ್ತರಕ್ಕೂ ಎಷ್ಟು ಅಂತರವೆಂದು ಅಳೆದು, ಆ ಅಂತರ ಕಡಿಮೆಯಾಗುವ ದಿಕ್ಕಿಗೆ ಪ್ರತಿಯೊಂದು ಬಿರಡೆಯನ್ನೂ ಅಣುಮಾತ್ರ ತಿರುಗಿಸುತ್ತಾರೆ. ಕಡೆಯ ಪದರದಿಂದ ಮೊದಲ ಪದರದವರೆಗೆ ತಪ್ಪನ್ನು ಹಿಂದಕ್ಕೆ ಹಂಚುವ ಈ ಕ್ರಮವನ್ನು ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು ೧೯೮೬ರಲ್ಲಿ ಬರೆದ ಪ್ರಬಂಧ ಜನಪ್ರಿಯಗೊಳಿಸಿತು. ಗೂಗಲ್ ಸಂಸ್ಥೆಯ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದ ‘ಬರ್ಟ್’ ಎಂಬ ಜಾಲದ ಎರಡು ರೂಪಗಳಲ್ಲಿ ಚಿಕ್ಕದಕ್ಕೇ ೧೨ ಪದರಗಳು, ಒಂದೊಂದು ತುಣುಕಿಗೆ ೭೬೮ ಸಂಖ್ಯೆಗಳು, ತಿರುಗಿಸಬೇಕಾದ ಬಿರಡೆಗಳು ಸುಮಾರು ೧೧ ಕೋಟಿ! ಇಂಥ ಜಾಲದಲ್ಲಿ ಪ್ರತಿಯೊಂದು ತುಣುಕೂ ತನ್ನ ಅಕ್ಕಪಕ್ಕದ ತುಣುಕುಗಳನ್ನು ‘ನೋಡಿ’ ತನ್ನ ಸಂಖ್ಯೆಗಳನ್ನು ಬದಲಿಸಿಕೊಳ್ಳುತ್ತದೆ. ‘ಚರಂಡಿಯ’ ಎಂಬುದರ ನೆರೆಯಲ್ಲಿರುವ ‘ನೀರು’ ಬೇರೆ, ‘ಕಾವೇರಿ’ಯ ನೆರೆಯಲ್ಲಿರುವ ‘ನೀರು’ ಬೇರೆ. ನಮ್ಮ ಎರಡು ವಾಕ್ಯಗಳನ್ನು ಅದು ಬೇರೆಬೇರೆಯಾಗಿ ಕಾಣಬಲ್ಲುದು. ಇದು ಸಾಮಾನ್ಯವಾದ ಸಾಧನೆಯಲ್ಲ.

ಹಾಗಿದ್ದರೆ ಅಡ್ಡಿಯೇನು? ಅಡ್ಡಿಯಿರುವುದು ಬಿರಡೆಗಳಲ್ಲಿ ಅಲ್ಲ, ಚೀಟಿಗಳಲ್ಲಿ. ಯಂತ್ರಕ್ಕೆ ಪಾಠ ಹೇಳುವ ಉಪಾಧ್ಯಾಯರು ಆ ಚೀಟಿಗಳೇ. ಚೀಟಿ ಹಚ್ಚಿದವರಿಗೆ ಕನ್ನಡ ಎಷ್ಟು ತಿಳಿದಿತ್ತೋ, ಊರು ಎಷ್ಟು ತಿಳಿದಿತ್ತೋ, ಯಂತ್ರಕ್ಕೂ ಅಷ್ಟೇ ತಿಳಿಯುವುದು.

ಕನ್ನಡದ ವಿಷಯದಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಇಂಗ್ಲಿಷಿನಲ್ಲಿ ಬೇರೆಬೇರೆ ಪದಗಳಾಗಿ ನಿಲ್ಲುವುದನ್ನು ನಾವು ಪ್ರತ್ಯಯಗಳಾಗಿ ಒಂದೇ ಪದಕ್ಕೆ ಪೋಣಿಸುತ್ತೇವೆ. ‘ಬಂದಿಲ್ಲ, ಬರಲಿಲ್ಲ, ಬರುತ್ತಿಲ್ಲ, ಬರೋದಿಲ್ಲ, ಬರೋಲ್ಲ, ಬಂದೇ ಇಲ್ಲ’ – ಇವೆಲ್ಲ ನಮಗೆ ಒಂದೇ ಮನೆಯ ಮಕ್ಕಳು. ಎಣಿಸುವ ಯಂತ್ರಕ್ಕೆ ಗುರುತಿಲ್ಲದ ಅಪರಿಚಿತರು. ೧೦೪ ಭಾಷೆಗಳಿಗೆಂದು ರಚಿಸಿದ ಬರ್ಟ್ ಜಾಲದಲ್ಲಿ ಕನ್ನಡವೂ ಸೇರಿದೆ. ಆದರೆ ಆ ಎಲ್ಲ ಭಾಷೆಗಳೂ ಸುಮಾರು ೧ ಲಕ್ಷ ೨೦ ಸಾವಿರ ತುಣುಕುಗಳ ಒಂದೇ ಭಂಡಾರವನ್ನು ಹಂಚಿಕೊಳ್ಳಬೇಕು. ಕನ್ನಡದ ಪಾಲಿಗೆ ಬಂದುದು ಚೂರುಪಾರು. ಇಂಗ್ಲಿಷಿನ ಪದ ಇಡಿಯಾಗಿ ಒಳಹೊಕ್ಕರೆ ಕನ್ನಡದ ಪದ ನಾಲ್ಕೈದು ಚೂರಾಗಿ ಒಳಹೋಗುತ್ತದೆ.

ಅಷ್ಟರಿಂದಲೇ ಮುಗಿಯಲಿಲ್ಲ. ಕೈಫೋನಿನಲ್ಲಿ ಬರೆಯುವವರು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ‘ನೀರು’ ಎಂಬುದಕ್ಕೆ ಒಬ್ಬರು ‘ಇ’ ಅಕ್ಷರವನ್ನು ಎರಡು ಸಲ ಹಾಕುವರು. ಇನ್ನೊಬ್ಬರು ‘ಐ’ ಅಕ್ಷರವನ್ನು ಒಮ್ಮೆ ಹಾಕಿ ಸುಮ್ಮನಾಗುವರು. ನಡುವೆ ಇಂಗ್ಲಿಷಿನ ಪದ, ಮಹದೇವಪುರದಂಥ ಕಡೆ ತೆಲುಗು, ತಮಿಳು, ಹಿಂದಿಯ ಪದವೂ ಬರುವುದುಂಟು. ‘ಟ್ಯಾಂಕರ್ ಇನ್ನೂ ಬಂದಿಲ್ಲ, ಮೂರು ದಿನ ಆಯ್ತು, ಪ್ಲೀಸ್ ಚೆಕ್ ಮಾಡಿ’ – ಇದನ್ನು ಕನ್ನಡವಲ್ಲವೆಂದು ಮೂಗು ಮುರಿಯುವ ಪಂಡಿತರಿದ್ದಾರೆ. ನಮಗೆ ಆ ಜಗಳ ಬೇಡ. ಮೂರು ದಿನ ನೀರಿಲ್ಲದವನು ವ್ಯಾಕರಣ ನೋಡಿ ಬರೆಯನು.

ಇಂಥ ಬೆರಕೆಯ ಕನ್ನಡಕ್ಕೆ ಚೀಟಿ ಹಚ್ಚುವ ಗಂಭೀರ ಪ್ರಯತ್ನ ನಡೆದಿದೆಯೆಂಬುದು ಸಂತೋಷದ ಸಂಗತಿ. ೨೦೨೦ರಲ್ಲಿ ಕೆಲವು ಸಂಶೋಧಕರು ಯೂಟ್ಯೂಬಿನಲ್ಲಿ ಜನ ಬರೆದ ಏಳು ಸಾವಿರಕ್ಕೂ ಮಿಕ್ಕ ಬೆರಕೆ ಕನ್ನಡದ ಟೀಕೆಗಳನ್ನು ಕೂಡಿಸಿ, ಮೆಚ್ಚುಗೆಯೇ ಅತೃಪ್ತಿಯೇ, ನಿಂದೆಯಿದೆಯೇ ಇಲ್ಲವೇ ಎಂದು ಗುರುತು ಹಾಕಿಸಿ ಪ್ರಕಟಿಸಿದರು. ಮರುವರ್ಷ ನಿಂದನೆಯ ಬರಹವನ್ನು ಗುರುತಿಸುವ ಬಹಿರಂಗ ಸ್ಪರ್ಧೆಯೊಂದು ತಮಿಳು, ಮಲಯಾಳ, ಕನ್ನಡ ಮೂರಕ್ಕೂ ನಡೆಯಿತು. ಒಂದು ಎಂದರೆ ಸಂಪೂರ್ಣ ಸರಿಯೆಂಬ ಅಳತೆಗೋಲಿನಲ್ಲಿ ಅತ್ಯುತ್ತಮ ಯಂತ್ರ ಮಲಯಾಳದಲ್ಲಿ ೦.೯೭, ತಮಿಳಿನಲ್ಲಿ ೦.೭೮, ಕನ್ನಡದಲ್ಲಿ ೦.೭೫ ಪಡೆಯಿತು. ಮಾದರಿಗಳ ಸಂಖ್ಯೆ ನೋಡಿದರೆ ತಮಿಳಿನವು ನಲವತ್ತು ಸಾವಿರಕ್ಕೂ ಹೆಚ್ಚು, ಮಲಯಾಳದವು ಇಪ್ಪತ್ತು ಸಾವಿರ. ನಮ್ಮವು ಎಂಟು ಸಾವಿರಕ್ಕೂ ಕಡಿಮೆ.

ಮಲಯಾಳದ ೦.೯೭ನ್ನು ಕಂಡು ಅಸೂಯೆಪಡುವ ಮುನ್ನ ಒಂದು ಮಾತು. ಆ ಮಾದರಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಬರಹಗಳು ನಿರುಪದ್ರವಿಗಳಾಗಿದ್ದುವು. ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ ‘ನಿರುಪದ್ರವಿ’ ಎಂದು ಮುದ್ರೆ ಒತ್ತಿದ ಯಂತ್ರವೂ ಅಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಲ ಸರಿಯೆನಿಸುವುದು. ಯಂತ್ರದ ಅಂಕಪಟ್ಟಿಯನ್ನು ಓದಲು ಬಾರದವರು ಸುಲಭವಾಗಿ ಮೋಸಹೋಗುವ ಸ್ಥಳವಿದು.

ಇದನ್ನು ನಮ್ಮ ದೂರುಗಳಿಗೆ ಅನ್ವಯಿಸಿ ಲೆಕ್ಕ ಹಾಕೋಣ. ಒಂದು ಸಾವಿರ ದೂರುಗಳಲ್ಲಿ ೯೦೦ ಇಂಗ್ಲಿಷಿನಲ್ಲಿಯೂ ೧೦೦ ಕನ್ನಡದಲ್ಲಿಯೂ ಇವೆಯೆಂದು ಊಹಿಸಿರಿ. ಯಂತ್ರ ಇಂಗ್ಲಿಷಿನವುಗಳಲ್ಲಿ ೮೭೦ನ್ನೂ ಕನ್ನಡದವುಗಳಲ್ಲಿ ೪೦ನ್ನೂ ಸರಿಯಾಗಿ ವಿಂಗಡಿಸಿತು ಎನ್ನೋಣ. ಒಟ್ಟು ೯೧೦ ಸರಿ. ‘ನಮ್ಮ ಯಂತ್ರ ನೂರಕ್ಕೆ ತೊಂಬತ್ತೊಂದರಷ್ಟು ನಿಖರ’ ಎಂದು ಮಾರುವವರು ಹೇಳಿದರೆ ಅದು ಸುಳ್ಳಲ್ಲ. ಆದರೆ ಕನ್ನಡದಲ್ಲಿ ಬರೆದ ನೂರು ಮಂದಿಯಲ್ಲಿ ಅರವತ್ತು ಮಂದಿಯ ಕಾಗದ ದಾರಿ ತಪ್ಪಿತು. ಎಲ್ಲಿಗೆ ಹೋಯಿತು? ಸಾಮಾನ್ಯವಾಗಿ ಇಂಥ ವಿಂಗಡಣೆಗಳಲ್ಲಿ ಕಡೆಯ ಗೂಡೊಂದಿರುತ್ತದೆ, ಅದರ ಹೆಸರು ‘ಇತರೆ’. ಅರ್ಥವಾಗದುದೆಲ್ಲ ಅಲ್ಲಿಗೆ. ಹೂಡಿಯ ಬಳಿ ಬಾಡಿಗೆಯ ಕೋಣೆಯಲ್ಲಿರುವ ಕಟ್ಟಡ ಕೆಲಸಗಾರನ ದೂರು ಆ ಗೋಣಿಚೀಲ ಸೇರಿ, ಪಕ್ಕದ ಎತ್ತರದ ವಸತಿಸಮುಚ್ಚಯದವರ ಇಂಗ್ಲಿಷ್ ದೂರು ಅಂದೇ ಎಂಜಿನಿಯರರ ಮೇಜು ಮುಟ್ಟಿದರೆ, ಯಂತ್ರಕ್ಕೆ ಪಕ್ಷಪಾತ ಗೊತ್ತಿಲ್ಲವೆಂದು ವಾದಿಸಿ ಪ್ರಯೋಜನವೇನು? ಯಾರೂ ಅವನನ್ನು ತಿರಸ್ಕರಿಸಲಿಲ್ಲ. ಯಾರೂ ಅವನ ಕಾಗದವನ್ನು ಓದಲೂ ಇಲ್ಲ.

ಆದಕಾರಣ ಒಟ್ಟು ನಿಖರತೆಯೊಂದನ್ನೇ ಹೇಳುವ ಯಂತ್ರವನ್ನು ಯಾವ ಕಚೇರಿಯೂ ಕೊಳ್ಳಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಕನ್ನಡ ಲಿಪಿಯಲ್ಲಿ ಎಷ್ಟು, ರೋಮನ್ ಲಿಪಿಯ ಕನ್ನಡದಲ್ಲಿ ಎಷ್ಟು, ಬೆರಕೆಯಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ ಕೇಳಬೇಕು. ‘ಇತರೆ’ ಎಂಬ ಗೂಡನ್ನು ಪ್ರತಿದಿನವೂ ಮನುಷ್ಯನೊಬ್ಬ ಕುಳಿತು ಓದಬೇಕು. ಸಂಬಳಕ್ಕೆ ಹಣವಿಲ್ಲ ಎನ್ನುವ ಹಾಗಿಲ್ಲ. ಉಳಿದ ಗೂಡುಗಳಲ್ಲಿ ಯಂತ್ರ ಉಳಿಸಿಕೊಟ್ಟ ದುಡಿಮೆ ಇದಕ್ಕೆ ಧಾರಾಳವಾಗಿ ಸಾಕು.

ಗೂಡುಗಳ ವಿಚಾರ ಬಂದುದರಿಂದ, ಈ ಶಾಸ್ತ್ರದಲ್ಲಿ ಜಗತ್ತಿಗೇ ಆಚಾರ್ಯರೆನಿಸಿದ ಒಬ್ಬರು ಬೆಂಗಳೂರಿನಲ್ಲಿಯೇ ಬಾಳಿದರೆಂಬುದನ್ನು ವಿದ್ಯಾರ್ಥಿಗಳಿಗೆ ನೆನಪಿಸಬೇಕು. ಗಣಿತದ ಅಧ್ಯಾಪಕರಾಗಿದ್ದು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ತಮ್ಮ ‘ಕೋಲನ್ ವರ್ಗೀಕರಣ’ವನ್ನು ೧೯೩೩ರಲ್ಲಿ ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ದಾಖಲಾತಿಯ ಸಂಶೋಧನೆ ಹಾಗೂ ಶಿಕ್ಷಣದ ಕೇಂದ್ರವನ್ನು ಸ್ಥಾಪಿಸಿದರು. ೧೯೭೨ರಲ್ಲಿ ಇಲ್ಲಿಯೇ ತೀರಿಕೊಂಡರು. ಒಂದು ಗ್ರಂಥವನ್ನು ಒಂದೇ ಗೂಡಿಗೆ ತುರುಕುವುದು ತಪ್ಪು, ಅದಕ್ಕೆ ಹಲವು ಮುಖಗಳುಂಟು ಎಂಬುದು ಅವರ ಮೂಲವಿಚಾರ. ವಸ್ತುವಿನ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಐದು ಮುಖಗಳನ್ನು ಅವರು ಹೇಳಿದರು.

ನಗರದ ದೂರಿಗೆ ಈ ವಿಚಾರ ಹೇಳಿ ಮಾಡಿಸಿದಂತಿದೆ. ಮನೆಗೆ ನೀರು ನುಗ್ಗಿತೆಂಬ ದೂರು ಯಾರಿಗೆ ಸೇರಿದ್ದು? ರಾಜಕಾಲುವೆ ನಗರಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂ ಕಂಪನಿಯದು. ಒಂದೇ ಚೀಟಿ ಹಚ್ಚಬೇಕೆಂದು ಕಟ್ಟಳೆ ಮಾಡಿದರೆ ಆ ದೂರು ಮೂರರಲ್ಲಿ ಎರಡು ಕಡೆ ಸತ್ತಂತೆಯೇ. ನರಜಾಲದ ಕಡೆಯ ಪದರದಲ್ಲಿ ಪ್ರತಿಯೊಂದು ಗೂಡಿಗೂ ಪ್ರತ್ಯೇಕವಾಗಿ ‘ಹೌದು, ಅಲ್ಲ’ ಎಂದು ಉತ್ತರಿಸುವಂತೆ ಮಾಡುವುದು ತಂತ್ರಜ್ಞರಿಗೆ ಅರ್ಧ ದಿನದ ಕೆಲಸ. ಹಾಗೆ ಮಾಡಿರೆಂದು ಹೇಳಬೇಕಾದವರು ಇಲಾಖೆಯನ್ನೂ ಊರನ್ನೂ ಬಲ್ಲವರು.

ದೇಶ ಮತ್ತು ಕಾಲಗಳ ಮಹತ್ವವನ್ನಂತೂ ಎರಡೇ ಪದಗಳ ಒಂದು ಕನ್ನಡ ವಾಕ್ಯ ತೋರಿಸಿಕೊಡುತ್ತದೆ: ‘ನೀರು ಬಂತು.’ ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ತಗ್ಗಿನ ಮನೆಯಿಂದ ಹೊರಟ ಈ ಮಾತು ಗೋಳು. ೨೦೨೪ರ ಮಾರ್ಚಿಯಲ್ಲಿ ಅದೇ ಮನೆಯಿಂದ ಹೊರಟರೆ ಅದು ನೆಮ್ಮದಿಯ ನಿಟ್ಟುಸಿರು. ಬಿರಡೆಗಳು ಹನ್ನೊಂದು ಕೋಟಿಯಿರಲಿ, ಹನ್ನೊಂದು ಲಕ್ಷ ಕೋಟಿಯಿರಲಿ, ಈ ಎರಡು ಪದಗಳೊಳಗೆ ಇಲ್ಲದ ಅರ್ಥವನ್ನು ಯಂತ್ರ ಎಲ್ಲಿಂದ ತಂದೀತು? ಬರಹದ ಜೊತೆಗೆ ಸ್ಥಳವನ್ನೂ ದಿನಾಂಕವನ್ನೂ ಯಂತ್ರಕ್ಕೆ ಉಣಿಸಬೇಕು.

ಚೀಟಿಗಳಿಗೆ ಮುಪ್ಪೂ ಉಂಟು. ಮಹದೇವಪುರ ಬಹುಕಾಲ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಒಂದು ವಲಯವಾಗಿತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆ ಐದು ನಗರಪಾಲಿಕೆಗಳಾಗಿ ಒಡೆದು, ಮಹದೇವಪುರ ಬೆಂಗಳೂರು ಪೂರ್ವ ನಗರಪಾಲಿಕೆಗೆ ಸೇರಿತು. ಹಳೆಯ ಗೂಡುಗಳಿಗೆ ಪಳಗಿದ ಯಂತ್ರ ಇಲ್ಲದ ಕಚೇರಿಗೆ ಕಾಗದ ಕಳುಹಿಸುತ್ತಲೇ ಇರುವುದು, ಯಾರಾದರೂ ಹೊಸ ಪಾಠ ಹೇಳುವವರೆಗೆ.

ಇಂದಿನ ಮಹಾಭಾಷಾಯಂತ್ರಗಳು ಚೀಟಿಯ ಮಾದರಿಗಳೇ ಇಲ್ಲದೆ, ಬಾಯಿಮಾತಿನ ಸೂಚನೆಯಿಂದಲೇ ವಿಂಗಡಿಸುತ್ತವಲ್ಲ, ಇನ್ನು ಈ ದುಡಿಮೆ ಏತಕ್ಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಸರಿಯಾದುದೇ. ಆ ಯಂತ್ರಗಳು ನಿಜವಾಗಿಯೂ ಕನ್ನಡದಲ್ಲಿ ಬೆರಗುಗೊಳಿಸುವಷ್ಟು ಮುಂದುವರಿದಿವೆ. ಆದರೆ ಅವು ಸರಿಯಾಗಿ ವಿಂಗಡಿಸಿದುವೇ ಎಂದು ನಿರ್ಣಯಿಸುವುದು ಹೇಗೆ? ಮನುಷ್ಯರು ಮೊದಲೇ ಓದಿ ಚೀಟಿ ಹಚ್ಚಿಟ್ಟ ಸಾವಿರ ಕಾಗದಗಳಿದ್ದರೆ ಅವಕ್ಕೆ ಹೋಲಿಸಿ ನೋಡಬಹುದು. ಅದಿಲ್ಲದಿದ್ದರೆ ಯಂತ್ರದ ಮಾತಿಗೆ ಯಂತ್ರವೇ ಸಾಕ್ಷಿ. ಪಾಠಕ್ಕೆ ಬೇಡವಾದರೂ ಪರೀಕ್ಷೆಗೆ ಚೀಟಿ ಬೇಕೇ ಬೇಕು.

ಈ ಚೀಟಿಗಳನ್ನು ಯಾರು ಹಚ್ಚಬೇಕು? ನಮ್ಮ ಕಾಲೇಜುಗಳ ಕಡೆಗೆ ನಾವು ಬೆರಳು ತೋರಿಸುತ್ತೇವೆ. ನರಜಾಲವನ್ನು ಕಟ್ಟುವ ವಿದ್ಯೆ ಇಂದು ಎಂಜಿನಿಯರಿಂಗ್ ಓದುವ ಯಾವ ಹುಡುಗನಿಗೂ ಹುಡುಗಿಗೂ ಎಟುಕುತ್ತದೆ. ಜಾಲಗಳು ಉಚಿತವಾಗಿ ದೊರೆಯುತ್ತವೆ. ದೊರೆಯದಿರುವುದು ಕನ್ನಡ ಬಲ್ಲವರು ಕುಳಿತು ನಿಷ್ಠೆಯಿಂದ ಓದಿದ ಮಾದರಿ. ನಗರಪಾಲಿಕೆಗಳು ಹೆಸರು, ದೂರವಾಣಿ, ಮನೆಯ ಸಂಖ್ಯೆಗಳನ್ನು ಅಳಿಸಿ ಕನ್ನಡದ ದೂರುಗಳನ್ನು ಪ್ರಕಟಿಸಲಿ. ಬರೆದವನ ಗುರುತು ಸೋರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆದ್ದರಿಂದ ಅಳಿಸುವ ಕೆಲಸ ಮೊದಲು, ಪ್ರಕಟಣೆ ಆಮೇಲೆ. ಒಂದು ತರಗತಿಯ ಮೂವತ್ತು ಮಂದಿ ವಾರಕ್ಕೆ ನೂರರಂತೆ ಓದಿದರೆ ತಿಂಗಳಿಗೆ ಹನ್ನೆರಡು ಸಾವಿರ ಚೀಟಿಗಳು. ಒಂದೊಂದು ದೂರನ್ನೂ ಮೂವರು ಪ್ರತ್ಯೇಕವಾಗಿ ನೋಡಬೇಕಾದುದರಿಂದ ಕೈಗೆ ಬರುವುದು ನಾಲ್ಕು ಸಾವಿರ ದೂರು. ಇದರಲ್ಲಿ ಕನ್ನಡ ಎಂ.ಎ. ಓದುವವರಿಗೂ ಗಣಕಶಾಸ್ತ್ರ ಓದುವವರಿಗೂ ಸಮಾನವಾದ ಕೆಲಸವಿದೆ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತುದನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಮೂವರು ಒಬ್ಬರ ಚೀಟಿಯನ್ನೊಬ್ಬರು ನೋಡದೆ ಹಚ್ಚುವುದು ಮುಖ್ಯ. ‘ಗುಂಡಿಯನ್ನು ಬಹಳ ಚೆನ್ನಾಗಿ ಮುಚ್ಚಿದ್ದೀರಿ ಸ್ವಾಮಿ, ಒಂದು ಮಳೆಗೂ ನಿಲ್ಲಲಿಲ್ಲ’ ಎಂಬುದಕ್ಕೆ ಇಬ್ಬರು ‘ದೂರು’ ಎಂದೂ ಒಬ್ಬರು ‘ಮೆಚ್ಚುಗೆ’ ಎಂದೂ ಚೀಟಿ ಹಚ್ಚಿದರೆ, ಬಹುಮತಕ್ಕೆ ಸೋತ ಮೂರನೆಯ ಚೀಟಿಯನ್ನು ಹರಿದು ಎಸೆಯಬಾರದು. ಮೂರನ್ನೂ ಹಾಗೆಯೇ ಇಟ್ಟುಕೊಂಡರೆ, ಇದು ಮನುಷ್ಯರೂ ಎಡವುವ ವಾಕ್ಯವೆಂದು ಯಂತ್ರಕ್ಕೆ ತಿಳಿಸಬಹುದು. ಅಂಥ ವಾಕ್ಯ ಬಂದಾಗ ತಾನೇ ತೀರ್ಪು ಕೊಡದೆ ಗುಮಾಸ್ತನ ಮೇಜಿಗೆ ಕಳುಹಿಸುವಂತೆ ಅದನ್ನು ಪಳಗಿಸಬಹುದು.